ಸಣ್ಣ ಸಿಎನ್‌ಸಿ ಮಿಲ್‌ಗೆ ಹೊಸ ಸ್ಟೆಪ್ಪರ್, ಹೊಸ ಡ್ರೈವರ್: ಯಾವುದು ಮೊದಲು, ಯಾವುದು ಆಮೇಲೆ

"ದೊಡ್ಡ ಮೋಟಾರ್ ಹಾಕಿದೆ, ಈಗ ಮೊದಲಿಗಿಂತ ನಿಧಾನ ಆಗಿದೆ." ಸಿಎನ್‌ಸಿ ಮಿಲ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಇಟ್ಟುಕೊಂಡವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸ್ಟೆಪ್ಪರ್ ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್, ಡ್ರೈವರ್ ಅಂದರೆ ಅದಕ್ಕೆ ಕರೆಂಟ್ ಕೊಡುವ ಸರ್ಕ್ಯೂಟ್. ಎರಡನೇ ದೂರು: "ಹೊಸ ಡ್ರೈವರ್ ಹಾಕಿದ ದಿನವೇ ಹೊಗೆ ಬಂತು." ಮೂರನೆಯದು: "ಎಲ್ಲಾ ಸರಿ ಇದೆ, ಆದರೆ ಅರ್ಧ ಗಂಟೆ ಓಡಿದ ಮೇಲೆ ಅಳತೆ ಜಾರುತ್ತದೆ."

ಮೂರಕ್ಕೂ ಸಾಮಾನ್ಯವಾಗಿ ಕಾರಣ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಮೋಟಾರ್ ಕೊಳ್ಳುತ್ತಾರೆ, ಆಮೇಲೆ ಡ್ರೈವರ್ ಹುಡುಕುತ್ತಾರೆ, ಪವರ್ ಸಪ್ಲೈ ಹಳೆಯದೇ ಸಾಕು ಅಂದುಕೊಳ್ಳುತ್ತಾರೆ. ಮೂರೂ ಆಕ್ಸಿಸ್ (ಎಕ್ಸ್, ವೈ, ಜೆಡ್ ಚಲನೆಯ ದಿಕ್ಕುಗಳು) ಒಂದೇ ದಿನ ಬಿಚ್ಚಿ ಹಾಕುತ್ತಾರೆ. ಕೊನೆಗೆ ತಪ್ಪು ಎಲ್ಲಿದೆ ಅಂತ ಹುಡುಕುವುದಕ್ಕೆ ದಾರಿಯೇ ಇರುವುದಿಲ್ಲ. ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯೆ ಹಾರಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಮಲ್ಟಿಮೀಟರ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಇಂಡಿಕೇಟರ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ), ವರ್ನಿಯರ್ ಕ್ಯಾಲಿಪರ್, ಒಳ್ಳೆಯ ಅಲೆನ್ ಕೀ ಸೆಟ್ಟು. ವೈರ್ ತುದಿಗೆ ಫೆರೂಲ್ (ಸಣ್ಣ ಲೋಹದ ಕೊಳವೆ) ಮತ್ತು ಅದನ್ನು ಒತ್ತುವ ಕ್ರಿಂಪರ್. ಥ್ರೆಡ್ ಲಾಕರ್, ಪರ್ಮನೆಂಟ್ ಮಾರ್ಕರ್, ಮಾಸ್ಕಿಂಗ್ ಟೇಪ್. ಇನ್ನೊಂದು ಗಟ್ಟಿ ಮರದ ತುಂಡು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಡಯಲ್ ಇಂಡಿಕೇಟರ್ ಇಲ್ಲದಿದ್ದರೆ ಮೋಟಾರ್‌ಗಿಂತ ಮೊದಲು ಅದನ್ನೇ ತಂದುಕೊಳ್ಳಿ. ಅದಿಲ್ಲದೆ ಮಾಡುವುದೆಲ್ಲಾ ಬರೀ ಊಹೆ.

ಸ್ಕ್ರೂ ಟರ್ಮಿನಲ್‌ಗೆ ಹಾಕುವ ವೈರ್ ತುದಿಗೆ ಬೆಸುಗೆ ಹಚ್ಚಿ ಗಟ್ಟಿ ಮಾಡುವ ಅಭ್ಯಾಸ ಕೆಲವರಿಗಿದೆ. ಬೇಡ. ಸ್ಕ್ರೂ ಒತ್ತಡಕ್ಕೆ ಸೀಸ ನಿಧಾನವಾಗಿ ಜಾರಿ, ಕೆಲವು ತಿಂಗಳಲ್ಲಿ ಜೋಡಣೆ ಸಡಿಲವಾಗುತ್ತದೆ. ಸ್ಟೆಪ್ಪರ್ ಡ್ರೈವರ್‌ಗೆ ಸಡಿಲ ವೈರ್ ಅಂದರೆ ಏನು ಅನ್ನುವುದನ್ನು ಹಂತ 5ರಲ್ಲಿ ನೋಡೋಣ.

## ಹಂತ 1: ತಪ್ಪು ಮೋಟಾರ್‌ನದೇನಾ ಅಂತ ಮೊದಲು ನೋಡಿ

ಪವರ್ ಆಫ್ ಮಾಡಿ, ಮೋಟಾರ್ ಶಾಫ್ಟನ್ನು ಸ್ಕ್ರೂಗೆ ಸೇರಿಸುವ ಕಪ್ಲರ್ ಸಡಿಲಿಸಿ, ಮೋಟಾರ್ ಬಿಟ್ಟು ಬರೀ ಸ್ಕ್ರೂವನ್ನು (ಟೇಬಲ್ ಸರಿಸುವ ಉದ್ದ ತಿರುಪು) ಬೆರಳಲ್ಲಿ ತಿರುಗಿಸಿ. ಟೇಬಲ್ ಈ ತುದಿಯಿಂದ ಆ ತುದಿಗೆ ಒಂದೇ ಹದದಲ್ಲಿ ಹೋಗಬೇಕು. ಮಧ್ಯದಲ್ಲಿ ಸಲೀಸು, ತುದಿಯಲ್ಲಿ ಬಿಗಿ ಅನಿಸಿದರೆ ಸ್ಕ್ರೂ ಮತ್ತು ಸ್ಲೈಡ್ ಒಂದಕ್ಕೊಂದು ಸಮಾನಾಂತರವಾಗಿಲ್ಲ. ಎಲ್ಲಾ ಕಡೆ ಬಿಗಿ ಇದ್ದರೆ ಗಿಬ್ (ಸ್ಲೈಡ್‌ನ ಸಡಿಲ ಹೊಂದಿಸುವ ಪಟ್ಟಿ) ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಎಣ್ಣೆ ಒಣಗಿದೆ. ಪ್ರತಿ ಸುತ್ತಿಗೆ ಒಮ್ಮೆ ಬಿಗಿಯಾದರೆ ಸ್ಕ್ರೂ ಬಾಗಿದೆ.

ಇವುಗಳನ್ನು ಹಾಗೇ ಬಿಟ್ಟು ದೊಡ್ಡ ಮೋಟಾರ್ ಹಾಕಿದರೆ ಏನಾಗುತ್ತದೆ? ಮೋಟಾರ್ ದಬ್ಬಿಕೊಂಡು ಹೋಗುತ್ತದೆ, ನಟ್ ಸವೆಯುತ್ತದೆ, ಅಳತೆ ಮೊದಲಿನ ಹಾಗೇ ಕೆಟ್ಟಿರುತ್ತದೆ.

ಆಮೇಲೆ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ವ್ಯರ್ಥವಾಗುವ ಚಲನೆ, ಅಳೆಯಿರಿ. ಇಂಡಿಕೇಟರನ್ನು ಟೇಬಲ್‌ಗೆ ಒತ್ತಿ ನಿಲ್ಲಿಸಿ, ಒಂದು ಕಡೆಗೆ 1 ಮಿಮೀ ಸರಿಸಿ, ಮುಳ್ಳು ಸೊನ್ನೆಗೆ ತನ್ನಿ. ಅದೇ ಕಡೆಗೆ ಇನ್ನೊಂದು ಮಿಮೀ ಹೋಗಿ, ಅಷ್ಟೇ ವಾಪಸ್ ಬನ್ನಿ. ಮುಳ್ಳು ಸೊನ್ನೆಗೆ ಎಷ್ಟು ಕಡಿಮೆ ಬಂತೋ ಅದೇ ಬ್ಯಾಕ್‌ಲ್ಯಾಶ್. ಬರೆದಿಟ್ಟುಕೊಳ್ಳಿ. ಯಾವ ಮೋಟಾರ್ ಹಾಕಿದರೂ ಈ ಅಂಕಿ ಕಡಿಮೆ ಆಗುವುದಿಲ್ಲ. ಅದು ನಟ್ ಮತ್ತು ಬೇರಿಂಗ್ ಕೆಲಸ.

## ಹಂತ 2: ಬಿಚ್ಚುವ ಮೊದಲು ದಾಖಲೆ

ಐದು ನಿಮಿಷದ ಕೆಲಸ. ಹತ್ತರಲ್ಲಿ ಎಂಟು ಜನ ಇದನ್ನೇ ಬಿಡುತ್ತಾರೆ.

ಕಂಟ್ರೋಲರ್ ಸೆಟ್ಟಿಂಗ್ ಪೂರ್ತಿ ಕಾಪಿ ಮಾಡಿಡಿ. ಜಿಆರ್‌ಬಿಎಲ್ (ಸಣ್ಣ ಬೋರ್ಡ್‌ಗಳಲ್ಲಿ ಓಡುವ ಸಿಎನ್‌ಸಿ ನಿಯಂತ್ರಣ ಸಾಫ್ಟ್‌ವೇರ್) ಆದರೆ $$ ಅಂತ ಕೊಟ್ಟರೆ ಎಲ್ಲಾ ಸಾಲುಗಳು ಬರುತ್ತವೆ. ಪ್ರತಿ ಕನೆಕ್ಟರ್‌ನ ಫೋಟೋ ತೆಗೆಯಿರಿ, ವೈರ್ ಬಣ್ಣ ಕಾಣುವ ಹಾಗೆ. ಪ್ರತಿ ಆಕ್ಸಿಸ್ ಈಗ ಎಷ್ಟು ವೇಗದಲ್ಲಿ ಸ್ಟೆಪ್ ತಪ್ಪದೆ ಓಡುತ್ತದೆ ಅಂತ ಬರೆಯಿರಿ. ಈ ಹಳೆಯ ಅಂಕಿ ಇಲ್ಲದೆ ಹೊಸದು ಉತ್ತಮವಾಯಿತೋ ಇಲ್ಲವೋ ಹೇಳುವುದು ಹೇಗೆ?

## ಹಂತ 3: ಮೋಟಾರ್ ಆಯ್ಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ದುಡ್ಡು ಹೋಗುವುದು ಇಲ್ಲೇ.

ಎಲ್ಲರೂ ನೋಡುವ ಅಂಕಿ ಹೋಲ್ಡಿಂಗ್ ಟಾರ್ಕ್. ಅದು ಮೋಟಾರ್ ನಿಂತಿದ್ದಾಗಿನ ತಿರುಚು ಬಲ. ನಿಮ್ಮ ಮಿಲ್‌ಗೆ ಅದು ಕೊರತೆಯೇನಾ? ಲೆಕ್ಕ ಹಾಕಿ ನೋಡಿ. 1.9 ನ್ಯೂಟನ್ ಮೀಟರ್ ಮೋಟಾರ್, 5 ಮಿಮೀ ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) ಇರುವ ಬಾಲ್ ಸ್ಕ್ರೂ (ನಟ್ ಒಳಗೆ ಗುಂಡುಗಳು ಉರುಳುವ, ಉಜ್ಜಾಟ ಕಡಿಮೆಯ ಬಗೆ). ಟಾರ್ಕನ್ನು 6.28ರಿಂದ ಗುಣಿಸಿ, ಲೀಡ್ ಅಂದರೆ 0.005 ಮೀಟರ್‌ನಿಂದ ಭಾಗಿಸಿ. ಶೇಕಡಾ 10 ಉಜ್ಜಾಟಕ್ಕೆ ಬಿಟ್ಟರೂ ಸುಮಾರು 2100 ನ್ಯೂಟನ್ ಬರುತ್ತದೆ. 200 ಕಿಲೋ ಎತ್ತುವಷ್ಟು ಬಲ. ಸಣ್ಣ ಮಿಲ್‌ನ ಕಾಲಂ ಅದಕ್ಕಿಂತ ಬಹಳ ಮೊದಲೇ ಬಾಗಿ, ಎಂಡ್ ಮಿಲ್ (ಕೊರೆಯುವ ಟೂಲ್) ಮುರಿದಿರುತ್ತದೆ. ಸಾಮಾನ್ಯ ಟ್ರೆಪೆಜಾಯ್ಡಲ್ ಸ್ಕ್ರೂ ಆದರೆ ಉಜ್ಜಾಟ ಜಾಸ್ತಿ. ಮೂರರಲ್ಲಿ ಒಂದು ಭಾಗ ಮಾತ್ರ ಉಳಿದರೂ 70 ಕಿಲೋ ಇದ್ದೇ ಇದೆ.

ನಿಜವಾದ ಕೊರತೆ ಇರುವುದು ವೇಗದಲ್ಲಿ ಉಳಿಯುವ ಟಾರ್ಕ್‌ನಲ್ಲಿ. ಅದನ್ನು ತೀರ್ಮಾನಿಸುವುದು ಇಂಡಕ್ಟೆನ್ಸ್ ಮತ್ತು ವೋಲ್ಟೇಜ್. ಕಾಯಿಲ್‌ಗೆ ಕರೆಂಟ್ ಒಮ್ಮೆಗೇ ನುಗ್ಗುವುದಿಲ್ಲ, ಇಂಡಕ್ಟೆನ್ಸ್ ಅದನ್ನು ತಡೆಯುತ್ತದೆ. ಒಂದು ಒರಟು ಲೆಕ್ಕ: ಕಾಯಿಲ್ 3.2 ಮಿಲಿಹೆನ್ರಿ, ಕರೆಂಟ್ 2.8 ಆಂಪಿಯರ್. 12 ವೋಲ್ಟ್ ಕೊಟ್ಟರೆ ಕರೆಂಟ್ ಪೂರ್ತಿ ಏರುವುದಕ್ಕೆ 0.75 ಮಿಲಿಸೆಕೆಂಡ್ ಬೇಕು. 36 ವೋಲ್ಟ್ ಆದರೆ 0.25 ಸಾಕು. ಈಗ 5 ಮಿಮೀ ಸ್ಕ್ರೂ ನಿಮಿಷಕ್ಕೆ 3000 ಮಿಮೀ ಓಡಬೇಕು ಅನ್ನಿ. ಅದು ಸೆಕೆಂಡಿಗೆ 10 ಸುತ್ತು, ಅಂದರೆ ಸುತ್ತಿಗೆ 200 ಸ್ಟೆಪ್‌ನ ಮೋಟಾರ್‌ಗೆ 2000 ಪೂರ್ಣ ಸ್ಟೆಪ್. ಒಂದೊಂದು ಸ್ಟೆಪ್‌ಗೆ ಸಿಗುವ ಸಮಯ 0.5 ಮಿಲಿಸೆಕೆಂಡ್. 12 ವೋಲ್ಟ್‌ನಲ್ಲಿ ಕರೆಂಟ್ ಏರುವ ಮೊದಲೇ ಮುಂದಿನ ಸ್ಟೆಪ್ ಬಂದುಬಿಡುತ್ತದೆ. ತಿರುಗುವ ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್ ಸೇರಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ.

"ದೊಡ್ಡ ಮೋಟಾರ್, ಆದರೂ ನಿಧಾನ" ಅನ್ನುವ ಒಗಟಿಗೆ ಉತ್ತರ ಇಲ್ಲಿದೆ. ಉದ್ದನೆಯ 3 ನ್ಯೂಟನ್ ಮೀಟರ್ ಮೋಟಾರ್‌ಗಳಲ್ಲಿ ಸಾಮಾನ್ಯವಾಗಿ ಇಂಡಕ್ಟೆನ್ಸೂ ಜಾಸ್ತಿ, ರೋಟರ್ ತೂಕವೂ ಜಾಸ್ತಿ. ಹಳೆಯ 24 ವೋಲ್ಟ್ ಸಪ್ಲೈಯಲ್ಲೇ ಅದನ್ನು ಓಡಿಸಿದರೆ ನಿಧಾನವಾಗದೆ ಇನ್ನೇನಾಗುತ್ತದೆ?

ನನ್ನ ಸಲಹೆ: ಸಣ್ಣ ಮಿಲ್‌ಗೆ ನೆಮಾ 23 (ಮೋಟಾರ್ ಮುಖದ ಅಳತೆಯ ಹೆಸರು), 1.2ರಿಂದ 2 ನ್ಯೂಟನ್ ಮೀಟರ್, ಇಂಡಕ್ಟೆನ್ಸ್ 3.5 ಮಿಲಿಹೆನ್ರಿ ಒಳಗೆ, ಕರೆಂಟ್ 2.8ರಿಂದ 4.2 ಆಂಪಿಯರ್. ಡೇಟಾ ಶೀಟ್‌ನಲ್ಲಿ ಇಂಡಕ್ಟೆನ್ಸ್ ಬರೆದಿಲ್ಲದ ಮೋಟಾರ್ ಕೊಳ್ಳಲೇಬೇಡಿ. 1 ಆಂಪಿಯರ್, 10 ಮಿಲಿಹೆನ್ರಿಗೂ ಮೇಲೆ ಅಂತ ಇದ್ದರೆ ಅದು ನಿಧಾನ ಕೆಲಸಕ್ಕೆ ಮಾಡಿದ್ದು, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಎಂಟು ವೈರ್‌ನ ಮೋಟಾರ್ ಸಿಕ್ಕಿದರೆ ಕಾಯಿಲ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿ. ಸೀರೀಸ್ ಮಾಡಿದರೆ ಇಂಡಕ್ಟೆನ್ಸ್ ನಾಲ್ಕು ಪಟ್ಟಾಗುತ್ತದೆ, ವೇಗ ಕೈಬಿಡುತ್ತದೆ.

ಕೂರುವ ಅಳತೆಯನ್ನೂ ಮರೆಯಬೇಡಿ. ನೆಮಾ 17ಕ್ಕೆ ಬೋಲ್ಟ್ ರಂಧ್ರಗಳ ಅಂತರ 31 ಮಿಮೀ, ಶಾಫ್ಟ್ 5 ಮಿಮೀ. ನೆಮಾ 23ಕ್ಕೆ ಅಂತರ 47.14 ಮಿಮೀ, ಮಧ್ಯದ ಉಬ್ಬು ವೃತ್ತ 38.1 ಮಿಮೀ. ಶಾಫ್ಟ್ ಮಾತ್ರ 6.35 ಇರಬಹುದು, 8 ಇರಬಹುದು. ಕಪ್ಲರ್ ಕೊಳ್ಳುವುದು ಮೋಟಾರ್ ಕೈಗೆ ಬಂದು, ಶಾಫ್ಟನ್ನು ಕ್ಯಾಲಿಪರ್‌ನಲ್ಲಿ ಅಳೆದ ಮೇಲೆ.

## ಹಂತ 4: ವೋಲ್ಟೇಜ್, ಡ್ರೈವರ್, ಸಪ್ಲೈ ಒಟ್ಟಿಗೆ

ಮೋಟಾರ್ ತಡೆಯುವ ಗರಿಷ್ಠ ವೋಲ್ಟೇಜ್‌ಗೆ ಒಂದು ಹಳೆಯ ಸೂತ್ರ ಇದೆ: ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿ. 1.6 ಮಿಲಿಹೆನ್ರಿಗೆ ಸುಮಾರು 40 ವೋಲ್ಟ್, 3.2ಕ್ಕೆ 57 ವೋಲ್ಟ್. ಅದಕ್ಕಿಂತ ಮೇಲೆ ಹೋದರೆ ವೇಗಕ್ಕಿಂತ ಬಿಸಿಯೇ ಜಾಸ್ತಿ ಸಿಗುತ್ತದೆ.

ಮೋಟಾರ್ ಮೇಲೆ 3 ವೋಲ್ಟ್ ಅಂತ ಬರೆದಿರುವುದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಅದು ಕಾಯಿಲ್‌ನ ರೆಸಿಸ್ಟೆನ್ಸ್ ಮತ್ತು ಕರೆಂಟ್‌ನ ಗುಣಲಬ್ಧ ಅಷ್ಟೇ. ಈಗಿನ ಡ್ರೈವರ್‌ಗಳು ಕರೆಂಟನ್ನು ತಾವೇ ಕತ್ತರಿಸಿ ಹಿಡಿತದಲ್ಲಿ ಇಡುತ್ತವೆ.

ಡ್ರೈವರ್ ವಿಷಯ. ಚಿಕ್ಕ ಬೋರ್ಡ್‌ಗಳಲ್ಲಿರುವ ಎ4988 ಚಿಪ್ 35 ವೋಲ್ಟ್‌ಗೆ ಮುಗಿಯುತ್ತದೆ. ಅದರ ಮೇಲೆ 2 ಆಂಪಿಯರ್ ಅಂತ ಇದ್ದರೂ ಹೀಟ್ ಸಿಂಕ್ ಇಲ್ಲದೆ ಅರ್ಧ ತೆಗೆದುಕೊಂಡರೆ ದೊಡ್ಡದು. ಡಿಆರ್‌ವಿ8825 ವೋಲ್ಟೇಜ್‌ನಲ್ಲಿ 45ರವರೆಗೆ ಹೋಗುತ್ತದೆ, ಆದರೆ ನೆಮಾ 23ಕ್ಕೆ ಅದೂ ಸಾಲದು. ಟಿಬಿ6600 ಹೆಸರಿನ ಡಬ್ಬಿಗಳ ಒಳಗೆ ಬೇರೆ ಚಿಪ್ ಇರುವುದುಂಟು, ಮೇಲೆ ಬರೆದ ಆಂಪಿಯರ್ ನಂಬುವ ಹಾಗಿಲ್ಲ. ನೆಮಾ 23ಕ್ಕೆ ಡಿಎಂ542 ಬಗೆಯ ಡಿಜಿಟಲ್ ಡ್ರೈವರ್ ಸರಿಯಾದ ಆಯ್ಕೆ. ಅದು 20ರಿಂದ 50 ವೋಲ್ಟ್, ಪೀಕ್ 4.2 ಆಂಪಿಯರ್.

50ರ ಡ್ರೈವರ್‌ಗೆ 48 ವೋಲ್ಟ್ ಸಪ್ಲೈ ಹಾಕಬಹುದಾ? ನಾನು ಹಾಕುವುದಿಲ್ಲ. ಓಡುತ್ತಿರುವ ಭಾರದ ಟೇಬಲ್ ಥಟ್ಟನೆ ನಿಂತಾಗ ಮೋಟಾರ್ ಜನರೇಟರ್ ಆಗಿ ವೋಲ್ಟೇಜನ್ನು ವಾಪಸ್ ತಳ್ಳುತ್ತದೆ. ಆ ಏರಿಕೆಗೆ ಜಾಗ ಇರಬೇಕು. 36 ವೋಲ್ಟ್ ನೆಮ್ಮದಿಯ ಜಾಗ.

ಸಪ್ಲೈಯ ಆಂಪಿಯರ್‌ಗೆ ಎಲ್ಲಾ ಮೋಟಾರ್‌ಗಳ ಕರೆಂಟ್ ಕೂಡಿಸಿ, ಮೂರರಲ್ಲಿ ಎರಡು ಭಾಗ ತೆಗೆದುಕೊಳ್ಳಿ. 3 ಆಂಪಿಯರ್‌ನ ಮೂರು ಮೋಟಾರ್ ಆದರೆ 6 ಆಂಪಿಯರ್. 36 ವೋಲ್ಟ್‌ನ 350 ವ್ಯಾಟ್ ಸಪ್ಲೈ ಧಾರಾಳವಾಗಿ ಸಾಕು.

ಕ್ಲೋಸ್ಡ್ ಲೂಪ್ ಸ್ಟೆಪ್ಪರ್ (ತಾನು ನಿಜಕ್ಕೂ ತಿರುಗಿತಾ ಅಂತ ಅಳೆದುಕೊಳ್ಳುವ ಬಗೆ) ಒಳ್ಳೆಯದಾ ಅಂತ ಕೇಳುವವರಿಗೆ: ಒಳ್ಳೆಯದು, ಆದರೆ ಅದರ ಅಲಾರ್ಮ್ ವೈರನ್ನು ಕಂಟ್ರೋಲರ್‌ಗೆ ಜೋಡಿಸಿದರೆ ಮಾತ್ರ. ಜೋಡಿಸದೆ ಬಿಟ್ಟರೆ ಒಂದು ಆಕ್ಸಿಸ್ ಅಲಾರ್ಮ್ ಆಗಿ ನಿಂತಿರುತ್ತದೆ, ಉಳಿದೆರಡು ಸುಮ್ನೆ ಓಡುತ್ತಾ ಜಾಬ್ ಹಾಳು ಮಾಡುತ್ತವೆ.

## ಹಂತ 5: ವೈರಿಂಗ್

ಸಪ್ಲೈಯ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕಾಯಿರಿ, ಮಲ್ಟಿಮೀಟರ್‌ನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಸಪ್ಲೈಯ ಮೈ, ಲೋಹದ ಡಬ್ಬಿ, ಮಿಲ್‌ನ ಚೌಕಟ್ಟು ಮೂರಕ್ಕೂ ಅರ್ಥಿಂಗ್ ಕಡ್ಡಾಯ. ಮೇನ್ಸ್ ಜೋಡಣೆಯ ಅಭ್ಯಾಸ ಇಲ್ಲದಿದ್ದರೆ ಅಷ್ಟನ್ನು ಗೊತ್ತಿದ್ದವರ ಕೈಯಲ್ಲಿ ಮಾಡಿಸಿ.

ಕಾಯಿಲ್ ಜೋಡಿ ಹುಡುಕುವುದು. ವೈರ್ ಬಣ್ಣವನ್ನು ನಂಬಬೇಡಿ. ನಾಲ್ಕು ವೈರ್‌ಗಳಲ್ಲಿ ಎರಡನ್ನು ಒಂದಕ್ಕೊಂದು ತಾಗಿಸಿ ಶಾಫ್ಟ್ ತಿರುಗಿಸಿ. ಗಡುಸಾದರೆ ಅವೆರಡೂ ಒಂದೇ ಕಾಯಿಲ್. ಮಲ್ಟಿಮೀಟರ್‌ನಲ್ಲೂ ಖಾತ್ರಿ ಮಾಡಿ. ಒಂದೇ ಕಾಯಿಲ್ ಆದರೆ ಒಂದೆರಡು ಓಮ್, ಬೇರೆ ಕಾಯಿಲ್ ಆದರೆ ಏನೂ ತೋರಿಸಬಾರದು. ಪ್ರತಿ ವೈರ್ ಮತ್ತು ಮೋಟಾರ್ ಮೈ ನಡುವೆಯೂ ನೋಡಿ. ಅಲ್ಲಿ ಏನಾದರೂ ತೋರಿಸಿದರೆ ಆ ಮೋಟಾರ್ ವಾಪಸ್ ಕಳಿಸಿ.

ಸಿಗ್ನಲ್ ವೈರ್‌ಗಳು. ಪಲ್ಸ್, ಡೈರೆಕ್ಷನ್, ಎನೇಬಲ್ ಅಂತ ಮೂರು ಜೋಡಿ. ಡಿಎಂ542 ಬಗೆಯಲ್ಲಿ ಎನೇಬಲ್ ಖಾಲಿ ಬಿಟ್ಟರೆ ಡ್ರೈವರ್ ಆನ್ ಆಗಿಯೇ ಇರುತ್ತದೆ. ಹಾಗಾಗಿ ಮೊದಲ ಪರೀಕ್ಷೆಗೆ ಅದನ್ನು ಮುಟ್ಟಬೇಡಿ, ಅನುಮಾನದ ಒಂದು ಜಾಗ ಕಡಿಮೆಯಾಗುತ್ತದೆ. ಇನ್‌ಪುಟ್‌ಗಳು 5 ವೋಲ್ಟ್‌ಗೆ ಮಾಡಿದ್ದಾದರೆ 24 ವೋಲ್ಟ್ ಸಿಗ್ನಲ್‌ಗೆ ಪ್ರತಿಯೊಂದಕ್ಕೂ 2 ಕಿಲೋಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಬೇಕು. 3.3 ವೋಲ್ಟ್‌ನ ಕಂಟ್ರೋಲರ್ ಆದರೆ ಉಲ್ಟಾ ತೊಂದರೆ. ಇನ್‌ಪುಟ್‌ನ ಆಪ್ಟೋ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ) ಅರೆಬರೆ ಹೊತ್ತಿಕೊಂಡು ಸ್ಟೆಪ್ ಬಿಡುತ್ತದೆ. ಮಧ್ಯೆ 5 ವೋಲ್ಟ್ ಬಫರ್ ಹಾಕಿ.

ಹಳೆಯ ಬೋರ್ಡ್‌ನಲ್ಲಿ ಎ4988 ಸಾಕೆಟ್‌ನಲ್ಲಿ ಕೂತಿದ್ದರೆ ಅದನ್ನು ಕಿತ್ತು, ಅದೇ ಸಾಕೆಟ್‌ನ ಸ್ಟೆಪ್, ಡೈರೆಕ್ಷನ್ ಪಿನ್‌ಗಳಿಂದ ವೈರ್ ತೆಗೆಯಬಹುದು. ಬೋರ್ಡ್‌ಗೇ ಬೆಸೆದಿದ್ದರೆ ಕೆರೆದು ವೈರ್ ಅಂಟಿಸುವ ಸರ್ಕಸ್ ಬೇಡ. ಆರ್ಡುಯಿನೋ ಊನೋ (ಸಣ್ಣ ಕಂಟ್ರೋಲರ್ ಬೋರ್ಡ್) ಮೇಲಿನ ಜಿಆರ್‌ಬಿಎಲ್‌ನಲ್ಲಿ ಎಕ್ಸ್, ವೈ, ಜೆಡ್ ಸ್ಟೆಪ್ ಪಿನ್ 2, 3, 4 ಮತ್ತು ಡೈರೆಕ್ಷನ್ ಪಿನ್ 5, 6, 7. ಹೊಸ ಊನೋ ಹಾಕಿ ನೇರ ವೈರ್ ಎಳೆಯುವುದೇ ಸಲೀಸು.

ಗಲಾಟೆ, ಅಂದರೆ ಒಂದು ವೈರ್‌ನಿಂದ ಇನ್ನೊಂದಕ್ಕೆ ನುಸುಳುವ ಎಲೆಕ್ಟ್ರಿಕಲ್ ನಾಯ್ಸ್, ತಡೆಯುವುದು. ಮೋಟಾರ್ ಕೇಬಲ್, ಸ್ಪಿಂಡಲ್ ಕೇಬಲ್, ಲಿಮಿಟ್ ಸ್ವಿಚ್ ವೈರ್ ಮೂರೂ ಬೇರೆ ಬೇರೆ ದಾರಿಯಲ್ಲಿ ಹೋಗಲಿ. ಶೀಲ್ಡ್ ಇರುವ ಕೇಬಲ್ ಬಳಸಿ, ಶೀಲ್ಡನ್ನು ಕಂಟ್ರೋಲ್ ಡಬ್ಬಿಯ ಕಡೆ ಮಾತ್ರ ಅರ್ಥ್ ಮಾಡಿ. ಪ್ರತಿ ಡ್ರೈವರ್‌ಗೂ ಸಪ್ಲೈಯಿಂದ ಬೇರೆಬೇರೆ ಜೋಡಿ ವೈರ್ ಎಳೆಯಿರಿ. ಒಂದರಿಂದ ಇನ್ನೊಂದಕ್ಕೆ ಹಾರಿಸಬೇಡಿ.

ಎಮರ್ಜೆನ್ಸಿ ಸ್ಟಾಪ್. ಅದು ಸಪ್ಲೈಯ ಎಸಿ ಕಡೆಯನ್ನು ಕತ್ತರಿಸಲಿ. ಡ್ರೈವರ್ ಮತ್ತು ಮೋಟಾರ್ ನಡುವೆ ಯಾವ ಸ್ವಿಚ್ಚೂ ಬೇಡ, ರಿಲೇಯೂ ಬೇಡ.

ಯಾಕೆಂದರೆ ಪವರ್ ಆನ್ ಇದ್ದಾಗ ಮೋಟಾರ್ ವೈರ್ ಬಿಟ್ಟುಕೊಂಡರೆ ಕಾಯಿಲ್‌ನಲ್ಲಿದ್ದ ಶಕ್ತಿ ದೊಡ್ಡ ವೋಲ್ಟೇಜ್ ಆಗಿ ಡ್ರೈವರ್ ಮೇಲೆ ಚಿಮ್ಮುತ್ತದೆ. ನನ್ನ ಮೊದಲ ಒಳ್ಳೆಯ ಡ್ರೈವರ್ ಸತ್ತಿದ್ದು ಹೀಗೇ. ಮೋಟಾರ್ ನಿಂತೇ ಇದೆಯಲ್ಲ ಅಂತ ಕನೆಕ್ಟರ್ ಎಳೆದೆ. ಹೊಗೆ ಇಲ್ಲ, ಸದ್ದಿಲ್ಲ. ತಪ್ಪು ಕಂಟ್ರೋಲರ್‌ದು ಅಂದುಕೊಂಡು ಎರಡು ಸಂಜೆ ಪ್ರೋಗ್ರಾಂ ತಿದ್ದುತ್ತಾ ಕೂತಿದ್ದೆ. ನಿಂತ ಮೋಟಾರ್‌ನಲ್ಲೂ ಕರೆಂಟ್ ಹರಿಯುತ್ತಲೇ ಇರುತ್ತದೆ, ಅಲ್ವಾ? ಸಡಿಲ ಸ್ಕ್ರೂ, ಸವೆದ ಪ್ಲಗ್ ಮಾಡುವುದೂ ಇದನ್ನೇ.

## ಹಂತ 6: ಡ್ರೈವರ್ ಸ್ವಿಚ್‌ಗಳು

ಪವರ್ ಆಫ್ ಇರುವಾಗಲೇ ಇಡಿ.

ಕರೆಂಟ್: ಡ್ರೈವರ್ ಮೇಲಿನ ಪಟ್ಟಿಯಲ್ಲಿ ಪೀಕ್ ಮತ್ತು ಆರ್‌ಎಂಎಸ್ ಅಂತ ಎರಡು ಸಾಲು ಇರುತ್ತವೆ. ಪೀಕ್ (ತುತ್ತತುದಿಯ ಕರೆಂಟ್) ಅನ್ನುವುದು ಆರ್‌ಎಂಎಸ್‌ನ (ಪರಿಣಾಮಕಾರಿ ಕರೆಂಟ್) 1.4 ಪಟ್ಟು. ನಾಲ್ಕು ವೈರ್‌ನ ಮೋಟಾರ್ ಮೇಲೆ ಬರೆದ 2.8 ಆಂಪಿಯರನ್ನು ಆರ್‌ಎಂಎಸ್ ಸಾಲಿಗೆ ಹೋಲಿಸಬೇಕು. ನಾನು ಒಂದು ಮೆಟ್ಟಿಲು ಕೆಳಗೆ ಶುರು ಮಾಡುತ್ತೇನೆ. ಅಷ್ಟರಲ್ಲೇ ಕೆಲಸ ನಡೆದರೆ ಮೇಲೆ ಏರಿಸುವುದಿಲ್ಲ. ನಿಂತಾಗ ಅರ್ಧ ಕರೆಂಟ್ ಅನ್ನುವ ಸ್ವಿಚ್ ಆನ್ ಇರಲಿ, ಮೋಟಾರ್ ತಣ್ಣಗಿರುತ್ತದೆ.

ಮೈಕ್ರೋಸ್ಟೆಪ್ (ಒಂದು ಪೂರ್ಣ ಸ್ಟೆಪ್ಪನ್ನು ಎಷ್ಟು ತುಂಡು ಮಾಡುವುದು): ಜಾಸ್ತಿ ಇಟ್ಟಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇದೆ. ಅದಕ್ಕೆ ಬೆಲೆ ಇದೆ. 200 ಸ್ಟೆಪ್ ಮೋಟಾರ್‌ಗೆ ಎಂಟು ಮೈಕ್ರೋಸ್ಟೆಪ್ ಇಟ್ಟರೆ ಸುತ್ತಿಗೆ 1600 ಪಲ್ಸ್. 5 ಮಿಮೀ ಸ್ಕ್ರೂಗೆ ಮಿಮೀಗೆ 320. ಊನೋ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತದೆ. ಆ ಲೆಕ್ಕಕ್ಕೆ ನಿಮಿಷಕ್ಕೆ 5600 ಮಿಮೀ ಸಾಧ್ಯ. ಮೂವತ್ತೆರಡು ಮೈಕ್ರೋಸ್ಟೆಪ್ ಇಟ್ಟರೆ ಅದು 1400ಕ್ಕೆ ಬೀಳುತ್ತದೆ. ಸುತ್ತಿಗೆ 25,600 ಪಲ್ಸ್ ಇಟ್ಟವರಿಗೆ ಸಿಗುವುದು ಬರೀ 350. "ಮೋಟಾರ್ ಓಡ್ತಾನೇ ಇಲ್ಲ" ಅಂತ ಬಂದ ಎಷ್ಟೋ ದೂರು ಒಂದು ಸ್ವಿಚ್ ತಿರುಗಿಸಿದ್ದಕ್ಕೇ ಪರಿಹಾರವಾಗಿವೆ.

ನಿಖರತೆಯೂ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಎಂಟರಲ್ಲಿ ಒಂದು ಮೈಕ್ರೋಸ್ಟೆಪ್ ಸರಿಯುವಷ್ಟಕ್ಕೆ ಸಿಗುವುದು ಹೋಲ್ಡಿಂಗ್ ಟಾರ್ಕ್‌ನ ಶೇಕಡಾ 20ರಷ್ಟು, ಮೂವತ್ತೆರಡರಲ್ಲಿ ಶೇಕಡಾ 5. ಸ್ಲೈಡ್‌ನ ಉಜ್ಜಾಟ ಅಷ್ಟನ್ನು ನುಂಗಿಬಿಡುತ್ತದೆ. ಎಂಟು ಅಥವಾ ಹತ್ತು ಸಾಕು.

## ಹಂತ 7: ಮೇಜಿನ ಮೇಲೆ ಪರೀಕ್ಷೆ

ಮೋಟಾರನ್ನು ಇನ್ನೂ ಮಿಲ್‌ಗೆ ಹಾಕಬೇಡಿ. ಮೇಜಿನ ಮೇಲೆ ಕ್ಲ್ಯಾಂಪ್ ಮಾಡಿ, ಶಾಫ್ಟ್‌ಗೆ ಟೇಪಿನ ಬಾವುಟ ಅಂಟಿಸಿ. ಒಂದು ಸುತ್ತು ಆಗುವಷ್ಟು ದೂರ, ಅಂದರೆ 5 ಮಿಮೀ ಕೊಡಿ. ಬಾವುಟ ಸರಿಯಾಗಿ ಒಂದು ಸುತ್ತು ಬಂದು ಅದೇ ಜಾಗದಲ್ಲಿ ನಿಲ್ಲಬೇಕು.

ಮೋಟಾರ್ ನಡುಗುತ್ತಾ ಹಿಂದೆ ಮುಂದೆ ಆಡಿದರೆ ಕಾಯಿಲ್ ಜೋಡಿ ತಪ್ಪಿದೆ, ಇಲ್ಲವೇ ಒಂದು ವೈರ್ ಕಡಿದಿದೆ. ಎರಡು ಕಡೆಗೂ ಹೋಗಲು ಹೇಳಿದರೂ ಒಂದೇ ಕಡೆಗೆ ತಿರುಗಿದರೆ ಡೈರೆಕ್ಷನ್ ವೈರ್ ತಲುಪಿಲ್ಲ. ಅರ್ಧ ಸುತ್ತೋ ಎರಡು ಸುತ್ತೋ ಬಂದರೆ ಸ್ವಿಚ್ ಮತ್ತು ಸೆಟ್ಟಿಂಗ್ ಹೊಂದಿಲ್ಲ. ಮಿಲ್ ಮೇಲೆ ಇದೇ ತಪ್ಪು ಆದರೆ ಟೇಬಲ್ ತುದಿಗೆ ಗುದ್ದುತ್ತದೆ. ಮೇಜಿನ ಮೇಲೆ ಆದರೆ ಬಾವುಟ ಅಲ್ಲಾಡುತ್ತದೆ, ಅಷ್ಟೇ.

## ಹಂತ 8: ಮಿಲ್‌ಗೆ ಕೂರಿಸುವುದು

ಎಕ್ಸ್ ಅಥವಾ ವೈ ಆಕ್ಸಿಸ್‌ನಿಂದ ಶುರು ಮಾಡಿ. ಒಂದೇ ಆಕ್ಸಿಸ್ ಪೂರ್ತಿ ಮುಗಿಸಿ, ಪರೀಕ್ಷೆ ಪಾಸಾದ ಮೇಲೆ ಮುಂದಿನದು. ಜೆಡ್ ಕೊನೆಗೆ.

ಜೆಡ್ ಮೋಟಾರ್ ಬಿಚ್ಚುವ ಮೊದಲು ಆ ಮರದ ತುಂಡನ್ನು ಸ್ಪಿಂಡಲ್ ತಲೆಯ ಕೆಳಗೆ ಇಟ್ಟು, ಅದರ ಮೇಲೆ ತಲೆ ಕೂರುವಂತೆ ಇಳಿಸಿ. ಬಾಲ್ ಸ್ಕ್ರೂ ತಾನಾಗಿ ನಿಲ್ಲುವುದಿಲ್ಲ. ಕಪ್ಲರ್ ಸಡಿಲವಾದ ಕ್ಷಣ ತಲೆ ಕೆಳಗೆ ಜಾರುತ್ತದೆ, ಆಗ ಕೈ ಎಲ್ಲಿರುತ್ತದೆ ಅಂತ ಯೋಚಿಸಿ.

ಮೋಟಾರ್ ಬೋಲ್ಟ್‌ಗಳನ್ನು ಮೊದಲು ಅರ್ಧ ಮಾತ್ರ ಬಿಗಿಯಿರಿ. ಟೇಬಲನ್ನು ಮೋಟಾರ್ ಇರುವ ತುದಿಗೆ ತನ್ನಿ. ಅಲ್ಲಿ ನಟ್ ಹತ್ತಿರ ಇರುವುದರಿಂದ ಸ್ಕ್ರೂ ತಾನೇ ನೇರಕ್ಕೆ ಬರುತ್ತದೆ. ಕಪ್ಲರ್ ಹಾಕಿ, ಕೈಯಲ್ಲಿ ಕೆಲವು ಸುತ್ತು ತಿರುಗಿಸಿ, ಆಮೇಲೆ ಬೋಲ್ಟ್‌ಗಳನ್ನು ಎದುರುಬದುರು ಬಿಗಿಯಿರಿ.

ಕಪ್ಲರ್‌ನಲ್ಲಿ ಎರಡು ಶಾಫ್ಟ್‌ಗಳ ನಡುವೆ ಸಣ್ಣ ಸಂದು ಬಿಡಿ. ಸ್ಕ್ರೂವಿನ ಉದ್ದಕ್ಕೆ ಬರುವ ಒತ್ತಡವನ್ನು ಅದರ ಬೇರಿಂಗ್ ಹೊರಬೇಕು, ಮೋಟಾರ್ ಹೊರಬಾರದು. ಸುರುಳಿ ಸೀಳು ಇರುವ ಅಲ್ಯುಮಿನಿಯಂ ಕಪ್ಲರ್ ಸ್ಪ್ರಿಂಗ್‌ನಂತೆ ಹಿಗ್ಗುತ್ತದೆ. ಬೇರಿಂಗ್ ಸರಿಯಿಲ್ಲದ ಯಂತ್ರದಲ್ಲಿ ಆ ಹಿಗ್ಗಾಟವೇ ಬ್ಯಾಕ್‌ಲ್ಯಾಶ್ ಹಾಗೆ ಕಾಣುತ್ತದೆ. ಮಿಲ್‌ಗೆ ನನಗೆ ಇಷ್ಟ ಮಧ್ಯೆ ರಬ್ಬರ್ ತರಹದ ನಕ್ಷತ್ರ ಕೂರುವ ಜಾ ಕಪ್ಲರ್, ಅದೂ ಗ್ರಬ್ ಸ್ಕ್ರೂ ಬದಲು ಕ್ಲ್ಯಾಂಪ್ ಇರುವ ಬಗೆ. ಗ್ರಬ್ ಸ್ಕ್ರೂವೇ ಇದ್ದರೆ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೆ ಕೂರಿಸಿ, ಥ್ರೆಡ್ ಲಾಕರ್ ಹಾಕಿ.

ಕೊನೆಗೆ ಮಾರ್ಕರ್‌ನಲ್ಲಿ ಶಾಫ್ಟ್ ಮತ್ತು ಕಪ್ಲರ್ ಎರಡರ ಮೇಲೂ ಹಾದುಹೋಗುವ ಒಂದು ಗೆರೆ ಎಳೆಯಿರಿ, ಎರಡೂ ಕಡೆ. ಎರಡು ಸೆಕೆಂಡಿನ ಕೆಲಸ, ಮುಂದೆ ಎರಡು ದಿನ ಉಳಿಸುತ್ತದೆ.

ಇಲ್ಲಿಂದ ಮುಂದೆ ಟೇಬಲನ್ನು ಕೈಯಲ್ಲಿ ರಭಸವಾಗಿ ತಿರುಗಿಸಬೇಡಿ. ಪವರ್ ಆಫ್ ಇದ್ದರೂ ಮೋಟಾರ್ ಜನರೇಟರ್ ಆಗಿ ಡ್ರೈವರ್‌ನ ದೀಪ ಹೊತ್ತಿಸುವಷ್ಟು ವೋಲ್ಟೇಜ್ ತಳ್ಳುತ್ತದೆ.

## ಹಂತ 9: ಸ್ಟೆಪ್ ಲೆಕ್ಕ, ವೇಗ, ಆಕ್ಸಲರೇಷನ್

ಮಿಮೀಗೆ ಎಷ್ಟು ಸ್ಟೆಪ್ ಅನ್ನುವುದು ಲೆಕ್ಕದಿಂದ ಬರಬೇಕು: 200, ಗುಣಿಸು ಮೈಕ್ರೋಸ್ಟೆಪ್, ಭಾಗಿಸು ಲೀಡ್. ಜಿಆರ್‌ಬಿಎಲ್‌ನಲ್ಲಿ $100, $101, $102. ಮರದ ತುಂಡು ಕೊರೆದು, ಅಳೆದು, ಆ ಅಂಕಿಯನ್ನು ಚೂರುಪಾರು ತಿದ್ದುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಟೂಲ್ ಬಾಗಿದ್ದು, ಬ್ಯಾಕ್‌ಲ್ಯಾಶ್, ಕ್ಯಾಲಿಪರ್ ಒತ್ತಿದ ಜೋರು ಎಲ್ಲವೂ ಸ್ಟೆಪ್ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ. 100 ಮಿಮೀ ಬದಲು 101.6 ಹೋಗುತ್ತಿದ್ದರೆ ನಿಮ್ಮ ಸ್ಕ್ರೂ 5 ಮಿಮೀ ಅಲ್ಲ, ಇಂಚಿಗೆ ಐದು ಸುತ್ತಿನದು, ಅಂದರೆ 5.08 ಮಿಮೀ. ಇಂಥ ತಪ್ಪಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ, ಹುಡುಕಿ.

ವೇಗ ಹುಡುಕುವಾಗ ಆಕ್ಸಲರೇಷನ್ ಕಡಿಮೆ ಇಟ್ಟುಕೊಳ್ಳಿ, ಸೆಕೆಂಡ್ ವರ್ಗಕ್ಕೆ 50 ಮಿಮೀ ಸಾಕು. $110 ಸಾಲಿನ ವೇಗವನ್ನು 500 ಮಿಮೀಯಂತೆ ಏರಿಸುತ್ತಾ ಉದ್ದಕ್ಕೂ ಓಡಿಸಿ. ಒಂದು ಹಂತದಲ್ಲಿ ಮೋಟಾರ್ ಗರ್ ಅಂತ ಕಿರುಚಿ ನಿಲ್ಲುತ್ತದೆ. ಗಾಬರಿ ಬೇಡ, ಸ್ಟೆಪ್ಪರ್ ಹೀಗೆ ನಿಂತರೆ ಕೆಡುವುದಿಲ್ಲ. ಆ ವೇಗದ ಶೇಕಡಾ 60 ನಿಮ್ಮ ಮಿತಿ. ಆಮೇಲೆ ಆ ವೇಗ ಇಟ್ಟುಕೊಂಡು ಆಕ್ಸಲರೇಷನ್ ಏರಿಸಿ, ಅಲ್ಲೂ ಶೇಕಡಾ 60. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಸೋತಿತು ಅಂತ ತಿಳಿಯುವುದಿಲ್ಲ.

ಮಧ್ಯದ ಯಾವುದೋ ಒಂದು ವೇಗದಲ್ಲಿ ಮಾತ್ರ ಗಡಗಡ ಸದ್ದು ಬಂದು ಸ್ಟೆಪ್ ತಪ್ಪಿ, ಅದರ ಮೇಲೆ ಕೆಳಗೆ ಸರಿಯಿದ್ದರೆ ಅದು ರೆಸೊನೆನ್ಸ್, ಅಂದರೆ ಮೋಟಾರ್ ತನ್ನದೇ ಕಂಪನಕ್ಕೆ ಸಿಕ್ಕಿಕೊಳ್ಳುವುದು. ಕರೆಂಟ್ ಒಂದು ಮೆಟ್ಟಿಲು ಇಳಿಸಿ ನೋಡಿ. ಮೈಕ್ರೋಸ್ಟೆಪ್ ತೀರಾ ಕಡಿಮೆ ಇದ್ದರೆ ಎಂಟಕ್ಕೆ ತನ್ನಿ. ಆ ವೇಗದಲ್ಲಿ ನಿಲ್ಲದೆ ದಾಟಿಹೋಗುವ ಹಾಗೆ ಆಕ್ಸಲರೇಷನ್ ಇಡಿ.

## ಹಂತ 10: ಜಾರುತ್ತದಾ, ಇಲ್ಲವಾ

ಇಂಡಿಕೇಟರ್ ಇಟ್ಟು ಸೊನ್ನೆ ಮಾಡಿ. ಟೇಬಲನ್ನು ಹಿಂದೆ ಸರಿಸಿ, ಉದ್ದ ಗಿಡ್ಡ ಓಟ ಬೆರೆಸಿದ ಒಂದು ಪ್ರೋಗ್ರಾಂ 50 ಸಲ ಓಡಿಸಿ, ಅದೇ ದಿಕ್ಕಿನಿಂದ ವಾಪಸ್ ಸೊನ್ನೆಗೆ ಬನ್ನಿ. ಸ್ಪಿಂಡಲ್ ಆನ್ ಇಟ್ಟೇ ಮಾಡಿ, ಗಾಳಿಯಲ್ಲಿ. ಮುಳ್ಳು 0.01 ಮಿಮೀ ಒಳಗೆ ಬಂದು ನಿಂತರೆ ಮುಂದಿನ ಆಕ್ಸಿಸ್‌ಗೆ ಹೋಗಬಹುದು.

ನಿಲ್ಲದಿದ್ದರೆ ಮೊದಲು ಮಾರ್ಕರ್ ಗೆರೆ ನೋಡಿ. ಗೆರೆ ಮುರಿದಿದ್ದರೆ ಕಪ್ಲರ್ ಜಾರಿದೆ, ಎಲೆಕ್ಟ್ರಾನಿಕ್ಸ್ ಮುಟ್ಟಬೇಡಿ. ಗೆರೆ ಸರಿ ಇದ್ದು, ತಪ್ಪು ಒಮ್ಮೆಗೇ ದೊಡ್ಡದಾಗಿ ಬಂದಿದ್ದರೆ ಮೋಟಾರ್ ಎಲ್ಲೋ ಸೋತಿದೆ. ವೇಗ ಇಳಿಸಿ, ಇಲ್ಲವೇ ಹಂತ 1ಕ್ಕೆ ಹೋಗಿ ಬಿಗಿ ಜಾಗ ಹುಡುಕಿ. ಸ್ಪಿಂಡಲ್ ಆಫ್ ಇದ್ದಾಗ ಸರಿ, ಆನ್ ಇದ್ದಾಗ ತಪ್ಪು ಅಂದರೆ ವೈರ್‌ಗಳ ಗಲಾಟೆ.

ಚೂರು ಚೂರೇ, ಓಡಿದಷ್ಟೂ ಒಂದೇ ಕಡೆಗೆ ಜಾರುತ್ತಾ ಹೋದರೆ ಅದು ಬಹಳ ಜನರನ್ನು ಸತಾಯಿಸಿದ ತೊಂದರೆ. ಡ್ರೈವರ್ ಸ್ಟೆಪ್ ಎಣಿಸುವ ಮೊದಲೇ ಡೈರೆಕ್ಷನ್ ಸಿಗ್ನಲ್ ಬದಲಾಗಿ ನಿಂತಿರಬೇಕು. ಡಿಎಂ542ಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಪಲ್ಸ್‌ನ ಧ್ರುವ ತಿರುಗುಮುರುಗಾಗಿದ್ದರೆ ಈ ಸಮಯ ಸಿಗುವುದಿಲ್ಲ, ದಿಕ್ಕು ಬದಲಾದಾಗಲೆಲ್ಲಾ ಒಂದು ಸ್ಟೆಪ್ ತಪ್ಪಬಹುದು. ಒಂದು ಸ್ಟೆಪ್ ಅಂದರೆ 0.003 ಮಿಮೀ, ಕಣ್ಣಿಗೆ ಕಾಣದು. ಅದು 1000 ಸಲ ಒಂದೇ ಕಡೆಗೆ ಸೇರಿದರೆ 3 ಮಿಮೀ. ವೇಗ ಇಳಿಸಿದರೂ ಹೋಗುವುದಿಲ್ಲ ಅನ್ನುವುದೇ ಇದರ ಗುರುತು. ಜಿಆರ್‌ಬಿಎಲ್‌ನ $2 ಸಾಲಿನಲ್ಲಿ ಸ್ಟೆಪ್ ಧ್ರುವ ತಿರುಗಿಸಿ, ಪರೀಕ್ಷೆ ಮತ್ತೆ ಮಾಡಿ. $1ನ್ನು 255 ಮಾಡಿಡಿ, ಓಟಗಳ ನಡುವೆ ಮೋಟಾರ್ ಹಿಡಿತ ಬಿಡುವುದಿಲ್ಲ.

ಬಿಸಿಯ ಬಗ್ಗೆ: ಒಂದು ಗಂಟೆ ಓಡಿದ ಮೇಲೆ ಮೋಟಾರ್ ಮೈ 60 ಡಿಗ್ರಿ ಇದ್ದರೆ ಅದು ಸಹಜ, ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. 80 ದಾಟಿದರೆ ಕರೆಂಟ್ ಇಳಿಸಿ. ಡ್ರೈವರ್ ಬಿಸಿ ಮುಟ್ಟಲಾಗದಷ್ಟಾದರೆ ಡಬ್ಬಿಗೆ ಫ್ಯಾನ್ ಬೇಕು. ಅದೂ ಲೋಹದ ಚೂರು ಒಳಗೆ ಎಳೆದುಕೊಳ್ಳದ ಹಾಗೆ ಫಿಲ್ಟರ್ ಇಟ್ಟು.

ಮೂರೂ ಆಕ್ಸಿಸ್ ಮುಗಿದು ಹತ್ತು ಗಂಟೆ ಕೆಲಸ ಮಾಡಿದ ಮೇಲೆ ಒಮ್ಮೆ ಪವರ್ ಆಫ್ ಮಾಡಿ ಡಬ್ಬಿ ತೆಗೆಯಿರಿ. ಡ್ರೈವರ್‌ನ ಎಲ್ಲಾ ಸ್ಕ್ರೂ ಟರ್ಮಿನಲ್, ಕಪ್ಲರ್‌ನ ಎಲ್ಲಾ ಬೋಲ್ಟ್ ಇನ್ನೊಂದು ಸಲ ಬಿಗಿಯಿರಿ. ಕಾಲು ಸುತ್ತು ತಿರುಗುವ ಒಂದಾದರೂ ಸಿಕ್ಕೇ ಸಿಗುತ್ತದೆ.